ಎಪ್ಪತ್ತು ಅಂಕ ಮತ್ತು 2.3

ಟೆಕ್ಸಾಸ್‌ನ ಸರ್ಕಾರಿ ಪ್ರೌಢಶಾಲೆಯ ಹುಡುಗ ಶುಕ್ರವಾರ ಸಂಜೆ ಫುಟ್‌ಬಾಲ್ ಆಡಬೇಕಾದರೆ ಅವನಿಗೆ ಎಲ್ಲ ವಿಷಯಗಳಲ್ಲೂ 70 ಅಂಕ ಇರಬೇಕು. ಕೆಲವು ಉನ್ನತ ಮಟ್ಟದ ಕೋರ್ಸ್‌ಗಳಿಗೆ ವಿನಾಯಿತಿ ಇದೆಯಾದರೂ, ನಾನು ಹೇಳಹೊರಟಿರುವ ಹುಡುಗರು ಅಂಥ ಕೋರ್ಸ್‌ಗಳ ಹತ್ತಿರ ಸುಳಿದವರಲ್ಲ. ಇದು ಕೋಚ್‌ಗಳು ಮಾಡಿಕೊಂಡ ಕಟ್ಟುಪಾಡಲ್ಲ, ರಾಜ್ಯದ ಕಾನೂನು. 1984ರಲ್ಲಿ ಉದ್ಯಮಿ ರಾಸ್ ಪೆರೋ ನೇತೃತ್ವದ ಸಮಿತಿ ಶಿಫಾರಸು ಮಾಡಿದ ಶಿಕ್ಷಣ ಸುಧಾರಣೆಗಳ ಜೊತೆಯಲ್ಲಿ ಬಂದ ಈ ನಿಯಮವನ್ನು ಜನ ಇಂದಿಗೂ ‘ನೋ ಪಾಸ್, ನೋ ಪ್ಲೇ’ ಎಂದೇ ಕರೆಯುತ್ತಾರೆ. ಮೊದಲಿಗೆ ನಪಾಸಾದವನು ಆರು ವಾರ ಆಟದಿಂದ ಹೊರಗಿರಬೇಕಿತ್ತು. 1995ರಲ್ಲಿ ಅದನ್ನು ಮೂರು ವಾರಕ್ಕೆ ಇಳಿಸಿದರು. ಈ ನಿಯಮವನ್ನು ಜಾರಿಗೆ ತಂದ ಗವರ್ನರ್ ಮಾರ್ಕ್ ವೈಟ್ 1986ರ ಚುನಾವಣೆಯಲ್ಲಿ ಸೋತರು, ಅವರ ಸೋಲಿನಲ್ಲಿ ಫುಟ್‌ಬಾಲ್ ಕೋಚ್‌ಗಳ ಸಿಟ್ಟಿಗೂ ಪಾಲಿತ್ತು ಎಂದು ಹಳೆಯ ಶಿಕ್ಷಕರು ಈಗಲೂ ಹೇಳುವುದುಂಟು. ಆಲೆನ್ ಎಂಬ ಒಂದು ಉಪನಗರದ ಶಾಲೆಗೆಂದೇ 6 ಕೋಟಿ ಡಾಲರ್ ಖರ್ಚು ಮಾಡಿ 18,000 ಜನ ಕೂರುವ ಕ್ರೀಡಾಂಗಣ ಕಟ್ಟಿಸಿ 2012ರಲ್ಲಿ ತೆರೆದ ಸೀಮೆಯಿದು. ಆ ಮಾತನ್ನು ನಾನು ಸುಲಭವಾಗಿ ತಳ್ಳಿಹಾಕಲಾರೆ.

ಹಾಸನದಲ್ಲಿ ಕೆಲವು ವರ್ಷ ಪ್ರೌಢಶಾಲಾ ಮಕ್ಕಳಿಗೆ ಗಣಿತ ಕಲಿಸಿದ್ದ ನಾನು ಗಂಡನ ಉದ್ಯೋಗದ ನಿಮಿತ್ತ ಡಾಲಸ್‌ನ ಸುತ್ತಮುತ್ತಲ ಊರೊಂದಕ್ಕೆ ಬಂದೆ. ಇಲ್ಲಿನ ಶಿಕ್ಷಕರ ಪರೀಕ್ಷೆಗಳನ್ನು ಮುಗಿಸಿಕೊಂಡು ಸರ್ಕಾರಿ ಶಾಲೆಯೊಂದರಲ್ಲಿ ಬೀಜಗಣಿತ ಹೇಳಿಕೊಡಲು ತೊಡಗಿದಾಗ ಅಮೆರಿಕನ್ ಫುಟ್‌ಬಾಲ್ ಬಗ್ಗೆ ನನಗೆ ಏನೇನೂ ತಿಳಿದಿರಲಿಲ್ಲ. ತಂಡದ ಹುಡುಗರಿಗಾಗಿ ಬೆಳಗಿನ ಹೊತ್ತು ನಡೆಯುವ ಓದಿನ ತರಗತಿಯನ್ನು ನೋಡಿಕೊಳ್ಳುವವರು ಯಾರೂ ಇಲ್ಲದೆ ಅದು ನನ್ನ ಪಾಲಿಗೆ ಬಂತು. ಅಲ್ಲಿಂದ ಮುಂದೆ, ಕಾಲೇಜು ತಂಡಗಳ ಕಣ್ಣಿಗೆ ಬೀಳುವ ಸಾಧ್ಯತೆಯಿದ್ದ ಹುಡುಗರ ಶೈಕ್ಷಣಿಕ ಅರ್ಹತೆಯ ಕಡತ ಮಕ್ಕಳ ಕೋರ್ಸ್‌ಗಳನ್ನು ಗೊತ್ತುಮಾಡುವ ಕೌನ್ಸೆಲರ್ ಬಳಿ ಇದ್ದರೂ ಅದರ ಲೆಕ್ಕ ನನ್ನ ಬಳಿ ಇರತೊಡಗಿತು. ಅವರಲ್ಲಿ ಒಬ್ಬ ಹುಡುಗನನ್ನು 2021ರ ಆಗಸ್ಟ್‌ನಿಂದ 2025ರ ಬೇಸಿಗೆಯವರೆಗೆ, ಒಂಬತ್ತನೆಯ ತರಗತಿಯಿಂದ ಕಾಲೇಜಿನ ಬಾಗಿಲವರೆಗೆ, ದಾಟಿಸಿದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಅವನ ಹೆಸರು ಬೇಡ.

ಒಂಬತ್ತನೆಯ ತರಗತಿಗೆ ಬಂದಾಗಲೇ ಅವನು ನನಗಿಂತ ಒಂದು ಅಡಿ ಎತ್ತರವಿದ್ದ. ತಾಯಿ ರಾತ್ರಿ ಪಾಳಿಯಲ್ಲಿ ಗೋದಾಮಿನ ಕೆಲಸಕ್ಕೆ ಹೋಗುತ್ತಿದ್ದುದರಿಂದ ಮನೆಯಲ್ಲಿ ತಂಗಿಯನ್ನು ಎಬ್ಬಿಸಿ ಶಾಲೆಯ ಬಸ್ಸು ಹತ್ತಿಸುವ ಹೊಣೆ ಅವನದಾಗಿತ್ತು, ಆದರೂ ಅವನು ವೇಟ್ ರೂಮಿಗೆ ತಡವಾಗಿ ಬಂದುದನ್ನು ಯಾರೂ ಕಂಡಿರಲಿಲ್ಲ. ಅಲ್ಲಿನ ಗೋಡೆಯ ಹಲಗೆಯ ಮೇಲೆ ಯಾರು ಎಷ್ಟು ಭಾರ ಎತ್ತಿದರೆಂಬುದನ್ನು ವಾರವಾರವೂ ಬರೆಯುತ್ತಾರೆ, ಅವನ ಹೆಸರಿನ ಮುಂದಿನ ಸಂಖ್ಯೆ ಸದಾ ಮೇಲಕ್ಕೇ ಏರುತ್ತಿತ್ತು. ಆಗಸ್ಟ್ ತಿಂಗಳ ಆರಂಭದಲ್ಲಿ, ಹೊರಗೆ 38 ಡಿಗ್ರಿ ಸೆಲ್ಸಿಯಸ್ ಸುಡುವ ಬಿಸಿಲಿನಲ್ಲಿ, ಭುಜಕ್ಕೆ ಪ್ಯಾಡ್ ಕಟ್ಟಿಕೊಂಡು ಅಭ್ಯಾಸ ಮಾಡುವಾಗಲೂ ಗೊಣಗದವನು ಎಂದು ಕೋಚ್‌ಗಳು ಅವನನ್ನು ಹೊಗಳುತ್ತಿದ್ದರು. ಅದೇ ಹುಡುಗ ಆ ವರ್ಷದ ಮೊದಲ ಸೆಮಿಸ್ಟರ್‌ನಲ್ಲಿ ಇಂಗ್ಲಿಷ್ ಮತ್ತು ಬೀಜಗಣಿತ ಎರಡರಲ್ಲೂ ನಪಾಸಾದ.

‘ಶ್ರಮಜೀವಿ ಎಲ್ಲಿದ್ದರೂ ಶ್ರಮಜೀವಿಯೇ’ ಎಂದು ನಂಬಿದ್ದ ಕೋಚ್‌ಗಳಿಗೆ ಇದು ಅರ್ಥವಾಗಲಿಲ್ಲ. ನನಗೆ ಅರ್ಥವಾದದ್ದು ಅವನನ್ನು ಕೂರಿಸಿಕೊಂಡು ಮಾತಾಡಿಸಿದ ಮೇಲೆ. “ಲೆಕ್ಕ ನನ್ನ ತಲೆಗೆ ಹತ್ತೋದಿಲ್ಲ ಮಿಸ್, ನಮ್ಮಮ್ಮನಿಗೂ ಹತ್ತುತ್ತಿರಲಿಲ್ಲ” ಎಂದ. ಇಲ್ಲಿನ ಮಕ್ಕಳು ಶಿಕ್ಷಕಿಯನ್ನು ಹೆಸರಿಲ್ಲದೆ ಬರೀ ‘ಮಿಸ್’ ಎನ್ನುತ್ತಾರೆ. ತೋಳಿನ ಬಲ ದಿನಕ್ಕಿಷ್ಟರಂತೆ ಬೆಳೆಯುತ್ತದೆ ಎಂದು ಅವನು ನಂಬಿದ್ದ, ಏಕೆಂದರೆ ಅದನ್ನು ಹಲಗೆಯ ಮೇಲೆ ಕಣ್ಣಾರೆ ಕಂಡಿದ್ದ. ಲೆಕ್ಕ ಮಾತ್ರ ಹುಟ್ಟುತ್ತಲೇ ಬರಬೇಕು, ಬಾರದವನು ಎಷ್ಟು ಹೊತ್ತು ಕೂತರೂ ಪ್ರಯೋಜನವಿಲ್ಲ ಎಂದು ಅಷ್ಟೇ ಗಟ್ಟಿಯಾಗಿ ನಂಬಿದ್ದ. ಅವನದು ಸೋಮಾರಿತನವಲ್ಲ. ವೇಟ್ ರೂಮಿನ ಶಿಸ್ತು ತಾನಾಗಿಯೇ ಪುಸ್ತಕದ ಮೇಜಿಗೆ ದಾಟಿ ಬರುತ್ತದೆ ಎಂದು ಕಾಯುತ್ತಾ ಕುಳಿತ ಶಾಲೆಗಳು ಬಹಳ ಹುಡುಗರನ್ನು ಕಳೆದುಕೊಂಡಿವೆ ಎಂಬುದು ನನ್ನ ಅಭಿಪ್ರಾಯ.

ನಪಾಸಾದ ಎರಡು ಅರ್ಧ ಕೋರ್ಸ್‌ಗಳನ್ನು ಶಾಲೆ ಆ ಬೇಸಿಗೆಯಲ್ಲೇ ಸರಿಪಡಿಸಿತು. ಕಂಪ್ಯೂಟರ್ ಮುಂದೆ ಕೂತು, ಪಾಠಗಳನ್ನು ಒಂದರ ಹಿಂದೆ ಒಂದು ತಿರುವಿ, ಕೊನೆಗೆ ಪ್ರಶ್ನೆಗಳಿಗೆ ಉತ್ತರ ಒತ್ತಿದರೆ ಮುಗಿಯುವ ಆನ್‌ಲೈನ್ ಕೋರ್ಸ್‌ಗಳವು. ಇವುಗಳಿಗೆ ಇಲ್ಲಿ ಕ್ರೆಡಿಟ್ ರಿಕವರಿ ಎನ್ನುತ್ತಾರೆ. ಕೆಲವೇ ದಿನಗಳಲ್ಲಿ ಎರಡನ್ನೂ ಮುಗಿಸಿದ, ಶಾಲೆಯ ಲೆಕ್ಕದಲ್ಲಿ ಪಾಸಾದ, ಹತ್ತನೆಯ ತರಗತಿಗೆ ಬಂದ. ಎಲ್ಲರೂ ನಿರಾಳವಾದರು.

ಆ ಶರತ್ಕಾಲದಲ್ಲಿ ನಾನು ಎನ್‌ಸಿಎಎ ಎಂಬ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆಯ ನಿಯಮಗಳನ್ನು ಮೊದಲ ಬಾರಿಗೆ ಕೂಲಂಕಷವಾಗಿ ಓದಿದೆ. ಡಿವಿಷನ್ 1 ಎಂಬ ಅತ್ಯುನ್ನತ ಸ್ತರದ ಕಾಲೇಜಿನಲ್ಲಿ ಮೊದಲ ವರ್ಷವೇ ಆಡಬೇಕಾದವನು ಪ್ರೌಢಶಾಲೆಯಲ್ಲಿ 16 ಕೋರ್ ಕೋರ್ಸ್‌ಗಳನ್ನು ಮುಗಿಸಿರಬೇಕು: ಇಂಗ್ಲಿಷ್ 4 ವರ್ಷ, ಗಣಿತ 3, ವಿಜ್ಞಾನ 2, ಸಮಾಜ ವಿಜ್ಞಾನ 2, ಮೊದಲ ಮೂರು ವಿಷಯಗಳಲ್ಲಿ ಯಾವುದಾದರೊಂದು ಇನ್ನೂ 1 ವರ್ಷ, ಮತ್ತೆ ಇವೇ ವಿಷಯಗಳಲ್ಲೋ ವಿದೇಶಿ ಭಾಷೆಯಲ್ಲೋ 4. ಇವುಗಳಲ್ಲಿ 10 ಕೋರ್ಸ್‌ಗಳು ಹನ್ನೆರಡನೆಯ ತರಗತಿ ಶುರುವಾಗುವ ಮೊದಲೇ ಮುಗಿದಿರಬೇಕು, ಆ ಹತ್ತರಲ್ಲಿ 7 ಇಂಗ್ಲಿಷ್, ಗಣಿತ ಮತ್ತು ವಿಜ್ಞಾನದವೇ ಆಗಿರಬೇಕು. ಏಳನೆಯ ಸೆಮಿಸ್ಟರ್, ಅಂದರೆ ಹನ್ನೆರಡನೆಯ ತರಗತಿ, ಆರಂಭವಾದ ಮೇಲೆ ಆ ಹತ್ತರ ಶ್ರೇಣಿಗಳಿಗೆ ಬೀಗ ಬೀಳುತ್ತದೆ. ಮತ್ತೆ ಓದಿ ಉತ್ತಮಪಡಿಸಿಕೊಳ್ಳುತ್ತೇನೆ ಎಂದರೆ ಲೆಕ್ಕಕ್ಕೆ ಬರುವುದಿಲ್ಲ. ಹದಿನಾರರ ಒಟ್ಟು ಸರಾಸರಿ, ಅಂದರೆ ಜಿಪಿಎ, 2.3ಕ್ಕಿಂತ ಕಡಿಮೆ ಇರಬಾರದು.

ಇಲ್ಲಿ ಎರಡು ಸಂಗತಿಗಳು ನನ್ನನ್ನು ಬೆಚ್ಚಿಬೀಳಿಸಿದವು. ಮೊದಲನೆಯದು, ಪ್ರತಿ ಪ್ರೌಢಶಾಲೆಗೂ ಎನ್‌ಸಿಎಎ ಒಪ್ಪಿದ ಕೋರ್ಸ್‌ಗಳ ಪ್ರತ್ಯೇಕ ಪಟ್ಟಿಯಿದೆ, ಆ ಪಟ್ಟಿಯಲ್ಲಿ ಇಲ್ಲದ ಕೋರ್ಸಿನಲ್ಲಿ ನೂರಕ್ಕೆ ನೂರು ಬಂದರೂ ಅದು ಶೂನ್ಯಕ್ಕೆ ಸಮ. ಶಿಕ್ಷಕರ ಜೊತೆ ನಿಯಮಿತ ಒಡನಾಟವಿಲ್ಲದ, ಮನಸ್ಸಿಗೆ ಬಂದಷ್ಟು ಬೇಗ ಮುಗಿಸಬಹುದಾದ ಆನ್‌ಲೈನ್ ಕೋರ್ಸ್‌ಗಳನ್ನು ಸಂಸ್ಥೆ ಒಪ್ಪುವುದಿಲ್ಲ. 2010ರಲ್ಲಿ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ ನಡೆಸುತ್ತಿದ್ದ ಅಂಚೆ ಮಾದರಿಯ ಪ್ರೌಢಶಾಲಾ ಕೋರ್ಸ್‌ಗಳನ್ನೇ ಅದು ತಿರಸ್ಕರಿಸಿತ್ತು. ಅದಕ್ಕೂ ಮೊದಲು ಎಷ್ಟೋ ಆಟಗಾರರು ಕೊನೆಯ ಗಳಿಗೆಯಲ್ಲಿ ಅಂಥ ಕೋರ್ಸ್‌ಗಳಿಂದಲೇ ದಡ ಸೇರಿದ್ದರು. ನಮ್ಮ ಶಾಲೆಯ ಪಟ್ಟಿಯಲ್ಲಿ ಈ ಹುಡುಗನ ಬೇಸಿಗೆಯ ಎರಡೂ ಕೋರ್ಸ್‌ಗಳು ಇರಲಿಲ್ಲ. ಶಾಲೆ ಪಾಸು ಮಾಡಿದ ವಿಷಯಗಳು ಎನ್‌ಸಿಎಎ ಕಣ್ಣಿಗೆ ಇನ್ನೂ ಖಾಲಿ ಜಾಗಗಳು.

ಎರಡನೆಯದು ಬರೀ ಲೆಕ್ಕದ ಸಂಗತಿ, ಅದನ್ನು ನಾನು ಓದಿನ ತರಗತಿಯ ಹಲಗೆಯ ಮೇಲೆ ಬರೆದು ಎಲ್ಲ ಹುಡುಗರಿಗೂ ತೋರಿಸಿದೆ. ನಮ್ಮ ಶಾಲೆಯಲ್ಲಿ 90ರ ಮೇಲೆ ಎ, 80ರ ಮೇಲೆ ಬಿ, 70ರ ಮೇಲೆ ಸಿ. ಅದಕ್ಕಿಂತ ಕೆಳಗೆ ನಪಾಸು. ವರ್ಷದ ಒಂದು ಕೋರ್ಸಿಗೆ ಎ ಬಂದರೆ 4 ಅಂಶ, ಬಿ ಬಂದರೆ 3, ಸಿ ಬಂದರೆ 2. ಹದಿನಾರು ಕೋರ್ಸ್‌ಗಳಿಗೆ 2.3ರ ಸರಾಸರಿ ಬೇಕೆಂದರೆ ಒಟ್ಟು 36.8 ಅಂಶಗಳು. ನಾಲ್ಕು ವರ್ಷವೂ ಎಲ್ಲ ವಿಷಯಗಳಲ್ಲಿ 70 ದಾಟಿಸಿಕೊಂಡು, ಒಂದೇ ಒಂದು ಶುಕ್ರವಾರವನ್ನೂ ತಪ್ಪಿಸಿಕೊಳ್ಳದೆ ಆಡಿದ ಹುಡುಗನ ಬಳಿ ಕೊನೆಗೆ ಇರುವುದು 32. ಟೆಕ್ಸಾಸ್ ಕಾನೂನಿನ ದೃಷ್ಟಿಯಲ್ಲಿ ಅವನಲ್ಲಿ ಯಾವ ದೋಷವೂ ಇಲ್ಲ, ಎನ್‌ಸಿಎಎ ದೃಷ್ಟಿಯಲ್ಲಿ ಅವನ ಸರಾಸರಿ 2.0. ಅಂಥವನು ಅಕಾಡೆಮಿಕ್ ರೆಡ್‌ಶರ್ಟ್ ಎಂಬ ಹೆಸರಿನಲ್ಲಿ ವಿದ್ಯಾರ್ಥಿವೇತನ ಪಡೆಯಬಹುದು, ಮೊದಲ ಅವಧಿಯಲ್ಲಿ ಅಭ್ಯಾಸವನ್ನೂ ಮಾಡಬಹುದು, ಆದರೆ ಮೊದಲ ವರ್ಷ ಪಂದ್ಯ ಆಡುವಂತಿಲ್ಲ. ಆಡಿಸಲಾಗದ ಹುಡುಗನ ಮೇಲೆ ವಿದ್ಯಾರ್ಥಿವೇತನ ಹೂಡಲು ಮುಂದೆ ಬರುವ ಕೋಚ್‌ಗಳು ವಿರಳ. ಡಿವಿಷನ್ 2ಕ್ಕೂ 2.2 ಬೇಕು. ವಾರವಾರದ ಆಟಕ್ಕೆ ಸಾಕಾಗುವ ಎಪ್ಪತ್ತು ಅಂಕವೇ ಗುರಿಯೆಂದು ನಾಲ್ಕು ವರ್ಷ ಹೇಳಿಕೊಂಡು ಬಂದ ದೊಡ್ಡವರು ಹುಡುಗನಿಗೆ ಅರ್ಧ ಸತ್ಯವನ್ನಷ್ಟೇ ಹೇಳಿರುತ್ತಾರೆ.

ಹಲಗೆಯ ಮುಂದೆ ನಿಂತು ಆ 32 ಮತ್ತು 36.8ನ್ನು ನೋಡಿದ ಹುಡುಗರಲ್ಲಿ ಯಾರೂ ತಕ್ಷಣ ಮಾತಾಡಲಿಲ್ಲ. “ಹಾಗಾದರೆ ಕೋಚ್ ಹೇಳುವ 70?” ಎಂದು ಕೊನೆಗೆ ಕೇಳಿದವನು ನಮ್ಮ ಹುಡುಗನೇ. “ಅದು ಈ ಶುಕ್ರವಾರದ್ದು, ಇದು ಆಮೇಲಿನದು” ಎಂದೆ.

ಇದನ್ನೆಲ್ಲ ಓದುವ ಕರ್ನಾಟಕದವರಿಗೆ ಒಂದು ವ್ಯತ್ಯಾಸವನ್ನು ಹೇಳಬೇಕು. ನಾವು ಎಸ್‌ಎಸ್‌ಎಲ್‌ಸಿ ಬರೆದವರು. ಎಂಟು, ಒಂಬತ್ತನೆಯ ತರಗತಿಗಳಲ್ಲಿ ಹೇಗೇ ಇದ್ದರೂ ಕೊನೆಯ ಮೂರು ತಿಂಗಳು ಹಟ ಹಿಡಿದು ಓದಿ ಮೇಲೆದ್ದು ಬಂದವರ ಕಥೆ ನಮ್ಮ ಪ್ರತಿ ಊರಿನಲ್ಲೂ ಸಿಗುತ್ತದೆ, ನಾನೂ ಹಾಸನದಲ್ಲಿ ಅಂಥ ಮಕ್ಕಳನ್ನು ಕಂಡಿದ್ದೇನೆ. ಇಲ್ಲಿ ಹುಡುಗನನ್ನು ಎತ್ತಿಕೊಳ್ಳುವ ಅಂಥ ಒಂದು ದೊಡ್ಡ ಪರೀಕ್ಷೆಯೇ ಇಲ್ಲ. ಮೊದಲು ಎಸ್‌ಎಟಿ ಅಥವಾ ಎಸಿಟಿ ಎಂಬ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಹೆಚ್ಚು ಅಂಕ ತಂದವನಿಗೆ ಕಡಿಮೆ ಜಿಪಿಎಯನ್ನು ಸರಿದೂಗಿಸಿಕೊಳ್ಳುವ ಅವಕಾಶವಿತ್ತು. ಆ ಪರೀಕ್ಷೆಗಳ ಕಥೆಯೂ ಸಣ್ಣದಲ್ಲ: 1983ರಲ್ಲಿ ಅಂಗೀಕಾರವಾಗಿ 1986ರಲ್ಲಿ ಜಾರಿಗೆ ಬಂದ ಪ್ರೊಪೊಸಿಷನ್ 48 ಎಂಬ ನಿಯಮ ಎಸ್‌ಎಟಿಯಲ್ಲಿ 700 ಅಂಕವನ್ನು ಕಡ್ಡಾಯ ಮಾಡಿದಾಗ ಅದು ಬಡ ಕಪ್ಪು ವರ್ಣೀಯ ಹುಡುಗರನ್ನು ಹೊರಗಿಡುತ್ತದೆ ಎಂಬ ದೊಡ್ಡ ವಾದ ಎದ್ದಿತ್ತು. ಆ ನಿಯಮವನ್ನು ಇನ್ನಷ್ಟು ಬಿಗಿಗೊಳಿಸಲು ಹೊರಟಾಗ, 1989ರ ಜನವರಿಯಲ್ಲಿ, ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಕೋಚ್ ಜಾನ್ ಥಾಂಪ್ಸನ್ ಪಂದ್ಯದ ಆರಂಭದಲ್ಲೇ ಅಂಕಣ ಬಿಟ್ಟು ಹೊರನಡೆದು ಪ್ರತಿಭಟಿಸಿದ್ದರು. ಕೋವಿಡ್ ಕಾಲದಲ್ಲಿ ತಾತ್ಕಾಲಿಕವಾಗಿ ಕೈಬಿಟ್ಟ ಪರೀಕ್ಷೆಯ ಷರತ್ತನ್ನು 2023ರ ಜನವರಿಯಲ್ಲಿ ಶಾಶ್ವತವಾಗಿ ತೆಗೆದುಹಾಕಿದರು. ಅದು ಸರಿಯಾದ ನಿರ್ಧಾರವೆಂದೇ ನಾನು ಭಾವಿಸುತ್ತೇನೆ, ಆದರೆ ಅದರ ಪರಿಣಾಮವಾಗಿ ಉಳಿದದ್ದು ತರಗತಿಯ ಶ್ರೇಣಿಗಳು ಮಾತ್ರ. ಮೈಕಟ್ಟು, ವೇಗ, ಆಟದ ತಿಳಿವಳಿಕೆ ಇವೆಲ್ಲ ಹುಡುಗನಲ್ಲಿ ಕಾಣಿಸಿಕೊಳ್ಳುವುದು ಹನ್ನೊಂದನೆಯ ತರಗತಿಯ ಹೊತ್ತಿಗೆ, ಅರ್ಹತೆಯ ಲೆಕ್ಕವಾದರೋ ಹದಿನಾಲ್ಕನೆಯ ವಯಸ್ಸಿನಲ್ಲೇ ಶುರುವಾಗಿರುತ್ತದೆ. ತಾನು ಕಾಲೇಜು ಮಟ್ಟದ ಆಟಗಾರನಾಗಬಲ್ಲೆ ಎಂಬುದು ಹುಡುಗನಿಗೇ ಗೊತ್ತಾಗುವ ಮುನ್ನ ಅವನ ಹಣೆಬರಹದ ಕಾಲು ಭಾಗ ಬರೆದು ಮುಗಿದಿರುತ್ತದೆ.

ಹತ್ತನೆಯ ತರಗತಿಯ ನಡುವೆ ನಾನು, ಕೌನ್ಸೆಲರ್ ಮತ್ತು ಹುಡುಗನ ತಾಯಿ ಕೂತು ಉಳಿದ ದಾರಿಯನ್ನು ಗುರುತು ಹಾಕಿಕೊಂಡೆವು. ಆಕೆ ರಾತ್ರಿ ಪಾಳಿ ಮುಗಿಸಿ ನೇರವಾಗಿ ಶಾಲೆಗೆ ಬಂದಿದ್ದರು. ಕೌನ್ಸೆಲರ್ ಒಳ್ಳೆಯ ಮನಸ್ಸಿನಿಂದಲೇ ಅವನನ್ನು ಮುಂದಿನ ವರ್ಷ ಸುಲಭದ ಗಣಿತ ಕೋರ್ಸೊಂದಕ್ಕೆ ಹಾಕಲು ಯೋಚಿಸಿದ್ದರು, ಅದು ಶಾಲೆಯಿಂದ ತೇರ್ಗಡೆಯಾಗಲು ಸಾಕಾಗುತ್ತಿತ್ತು, ಆದರೆ ಪಟ್ಟಿಯಲ್ಲಿ ಇರಲಿಲ್ಲ. “ಕಷ್ಟವಾದದ್ದಕ್ಕೇ ಹಾಕಿ ಮೇಡಂ. ಸುಲಭದ್ದು ಮಾಡಿ ಕೊನೆಗೆ ಇಲ್ಲ ಅಂತ ಹೇಳಿಸಿಕೊಳ್ಳೋದು ಬೇಡ” ಎಂದು ತಾಯಿ ಹೇಳಿದರು. ಆ ವರ್ಷ ಮುಗಿದ ಮೇಲೆ, ಬೇಸಿಗೆ ಶಾಲೆಯಲ್ಲಿ ನಿಜವಾದ ಶಿಕ್ಷಕರ ಮುಂದೆ ಕೂತು ಒಂಬತ್ತನೆಯ ತರಗತಿಯ ಇಂಗ್ಲಿಷಿನ ಮೊದಲರ್ಧವನ್ನು ಅವನು ಮತ್ತೆ ಓದಿದ. ತನಗಿಂತ ಎರಡು ವರ್ಷ ಚಿಕ್ಕ ಮಕ್ಕಳ ನಡುವೆ, ಮೈ ಹಿಡಿಸದ ಸಣ್ಣ ಕುರ್ಚಿಯಲ್ಲಿ. ಬೆಳಗಿನ ವೇಟ್ ರೂಮು ಮುಗಿಸಿ ಅಲ್ಲಿಗೆ ಬರುತ್ತಿದ್ದ. ಅವನ ಶ್ರಮದ ಬಗ್ಗೆ ಯಾರಾದರೂ ನನ್ನನ್ನು ಕೇಳಿದರೆ ನಾನು ಹೇಳುವುದು ಎತ್ತಿದ ಭಾರದ ಸಂಖ್ಯೆಯನ್ನಲ್ಲ, ಆ ಬೇಸಿಗೆಯನ್ನು.

ಆ ಬೇಸಿಗೆಯ ಕೊನೆಗೆ ಅವನ ಬಳಿ ಒಪ್ಪಿತ ಕೋರ್ಸ್‌ಗಳು ಏಳೂವರೆ, ಅಂಶಗಳು 15. ಅಂದರೆ ಸರಿಯಾಗಿ 2.0. ಉಳಿದವುಗಳಲ್ಲಿ ಐದು ಕೋರ್ಸ್‌ಗಳಲ್ಲಾದರೂ ಬಿ ಬರಬೇಕು, ಮಿಕ್ಕವು ಸಿಗಿಂತ ಕೆಳಗೆ ಜಾರಕೂಡದು. ಹನ್ನೊಂದನೆಯ ತರಗತಿಯ ನಾಲ್ಕು ಕೋರ್ಸ್‌ಗಳನ್ನು ಸೇರಿಸಿದರೆ ಬೀಗ ಬೀಳುವ ಹೊತ್ತಿಗೆ ಹನ್ನೊಂದೂವರೆ ಆಗುತ್ತಿತ್ತು. ಹತ್ತಕ್ಕಿಂತ ಒಂದೂವರೆ ಮಾತ್ರ ಹೆಚ್ಚು.

ವೇಟ್ ರೂಮಿನವರಿಂದ ಕದ್ದು ನಾನೊಂದು ಉಪಾಯ ಮಾಡಿದೆ. ಅಲ್ಲಿ ಪ್ರತಿ ಹುಡುಗನಿಗೂ ಒಂದು ಹಾಳೆಯಿರುತ್ತದೆ, ಯಾವ ವ್ಯಾಯಾಮ, ಎಷ್ಟು ಭಾರ, ಎಷ್ಟು ಸಲ ಎಂದು ಅದರಲ್ಲಿ ಬರೆಯಬೇಕು. ಅದೇ ಹಾಳೆಯಲ್ಲಿ ಬೀಜಗಣಿತದ ಲೆಕ್ಕಗಳ ಬಗೆಗಳನ್ನು ಬರೆದು, ಆ ದಿನ ಎಷ್ಟು ಬಿಡಿಸಿದ, ಎಷ್ಟು ತಪ್ಪಿದ ಎಂದು ಅವನೇ ತುಂಬುವಂತೆ ಮಾಡಿದೆ. ಇದು ಪವಾಡ ಮಾಡಿತು ಎಂದೇನೂ ನಾನು ಹೇಳುವುದಿಲ್ಲ. ಓದಿನ ತರಗತಿಯ ಇತರ ಕೆಲವರಿಗೆ ಅದರಿಂದ ಯಾವ ಉಪಯೋಗವೂ ಆಗಲಿಲ್ಲ, ಒಬ್ಬನಂತೂ ಹಾಳೆಯನ್ನು ಕೊನೆಯ ದಿನ ಒಟ್ಟಿಗೆ ತುಂಬಿ ತಂದುಕೊಟ್ಟ. ಈ ಹುಡುಗನಿಗೆ ಮಾತ್ರ ತಪ್ಪುಗಳು ವಾರದಿಂದ ವಾರಕ್ಕೆ ಕಡಿಮೆಯಾಗುವುದನ್ನು ಕಣ್ಣಿನಿಂದ ನೋಡುವುದು ಬೇಕಾಗಿತ್ತು. ಲೆಕ್ಕವನ್ನು ಅವನು ಕೊನೆಗೂ ಪ್ರೀತಿಸಲಿಲ್ಲ. ಹುಟ್ಟುಗುಣ ಎಂಬ ಮಾತನ್ನು ಮಾತ್ರ ಬಿಟ್ಟ.

ಆದರೂ ಹನ್ನೊಂದನೆಯ ತರಗತಿಯಲ್ಲಿ ಅಂಕ ಕೊಡುವ ಮೊದಲ ಆರು ವಾರದ ಅವಧಿಯ ಕೊನೆಗೆ, ಅಂದರೆ 2023ರ ಅಕ್ಟೋಬರ್‌ನಲ್ಲಿ, ನನ್ನದೇ ಬೀಜಗಣಿತ 2ರ ತರಗತಿಯಲ್ಲಿ ಅವನಿಗೆ 68 ಬಂತು. ತಂಗಿಗೆ ಹುಷಾರಿಲ್ಲದೆ ಕೆಲವು ದಿನ ತಪ್ಪಿಸಿಕೊಂಡಿದ್ದ, ಬಿಟ್ಟುಹೋದ ಪರೀಕ್ಷೆಯನ್ನು ಮತ್ತೆ ಬರೆಯಲು ಕೊಟ್ಟ ದಿನವೂ ಬರಲಿಲ್ಲ. ಫುಟ್‌ಬಾಲ್‌ನಲ್ಲಿ ಕಾಲೇಜು ಕೋಚ್‌ಗಳು ಮುಖ್ಯವಾಗಿ ನೋಡುವುದು ಹನ್ನೊಂದನೆಯ ತರಗತಿಯ ಆಟದ ವೀಡಿಯೊಗಳನ್ನೇ. ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ನ ಬೆನ್ನು ಕಾಯುವ ಲೆಫ್ಟ್ ಟ್ಯಾಕಲ್ ಜಾಗ ಆ ವರ್ಷವಷ್ಟೇ ಅವನಿಗೆ ಸಿಕ್ಕಿತ್ತು, ಮುಂದಿದ್ದವು ಜಿಲ್ಲಾ ಪಂದ್ಯಗಳು. ಸಹಾಯಕ ಕೋಚ್ ಒಬ್ಬರು ಮಧ್ಯಾಹ್ನದ ಬಿಡುವಿನಲ್ಲಿ ನನ್ನ ಕೋಣೆಗೆ ಬಂದು, ಬಾಗಿಲು ಮುಂದೆ ಮಾಡಿ, ಎರಡೇ ಅಂಕ, ಹುಡುಗನ ಭವಿಷ್ಯ ನಿಮ್ಮ ಕೈಯಲ್ಲಿದೆ ಎಂದರು. ಬೆದರಿಕೆಯೇನೂ ಇರಲಿಲ್ಲ, ಅವರ ದನಿಯಲ್ಲಿ ಹುಡುಗನ ಬಗ್ಗೆ ನಿಜವಾದ ಕಳಕಳಿಯೇ ಇತ್ತು, ನನಗೆ ಕಷ್ಟವಾದದ್ದೂ ಅದರಿಂದಲೇ. ಶಿಕ್ಷಕರು ಕೊಟ್ಟ ಶ್ರೇಣಿ ಅಂತಿಮ, ಅದು ಮನಸೋ ಇಚ್ಛೆ ಕೊಟ್ಟದ್ದೋ, ತಪ್ಪಾದದ್ದೋ, ಜಿಲ್ಲೆಯ ನೀತಿಗೆ ವಿರುದ್ಧವಾದದ್ದೋ ಎಂದು ಶಾಲಾ ಮಂಡಳಿ ನಿರ್ಧರಿಸಿದರೆ ಮಾತ್ರ ಬದಲಿಸಬಹುದು ಎಂದು ಟೆಕ್ಸಾಸ್‌ನ ಶಿಕ್ಷಣ ಸಂಹಿತೆಯೇ ಹೇಳುತ್ತದೆ. ನಾನು ಅದನ್ನು ಹೇಳಿದೆ. ಜೊತೆಗೆ ಇನ್ನೊಂದನ್ನೂ ಹೇಳಿದೆ: ಎರಡು ಅಂಕ ಸೇರಿಸಿದರೆ ಅವನು ಆಡಬಹುದು, ಆದರೆ 70 ಅವನಿಗೆ ಸಾಕಾಗುವುದಿಲ್ಲ, ಅವನಿಗೆ ಬೇಕಾದದ್ದು 80.

ಕಾನೂನಿನ ಪ್ರಕಾರ ಆರು ವಾರ ಮುಗಿದ ಏಳು ದಿನಗಳ ನಂತರ ನಿಷೇಧ ಜಾರಿಗೆ ಬರುತ್ತದೆ, ಹೀಗಾಗಿ ಒಂದು ಪಂದ್ಯ ಆಡಿ ಆಮೇಲೆ ಹೊರಗೆ ಕೂತ. ಅಭ್ಯಾಸಕ್ಕೆ ಅಡ್ಡಿಯಿಲ್ಲ, ಪ್ರತಿದಿನ ಮೈದಾನಕ್ಕೆ ಹೋಗಿ ತನ್ನ ಜಾಗದಲ್ಲಿ ಆಡುವ ಚಿಕ್ಕ ಹುಡುಗನಿಗೆ ಹೆಜ್ಜೆ ಹೇಳಿಕೊಡುತ್ತಿದ್ದನಂತೆ. ನನ್ನ ತರಗತಿಗೆ ಬಂದು ಮೊದಲ ದಿನ ಮುಖ ಕೊಟ್ಟು ಮಾತಾಡಲಿಲ್ಲ. ಎರಡನೆಯ ವಾರದಲ್ಲಿ ಹಾಳೆ ತಂದು ಮೇಜಿನ ಮೇಲಿಟ್ಟ. ಮುಖ್ಯ ಕೋಚ್ ಒಂದು ಮಾತನ್ನೂ ಆಡದೆ ಓದಿನ ತರಗತಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂರತೊಡಗಿದರು. ಆ ಮನುಷ್ಯ ಅಲ್ಲಿ ಕೂತದ್ದರಿಂದ ಆದ ಉಪಕಾರ ನನ್ನ ಎಲ್ಲ ಹಾಳೆಗಳಿಗಿಂತ ಹೆಚ್ಚು ಎಂದು ಒಪ್ಪಿಕೊಳ್ಳುತ್ತೇನೆ. ಆ ವರ್ಷದ ಕೊನೆಗೆ ಬೀಜಗಣಿತ 2ರಲ್ಲಿ ಅವನಿಗೆ ಸಿಕ್ಕದ್ದು ಸಿ. ಇಂಗ್ಲಿಷಿನಲ್ಲಿ, ಇತಿಹಾಸದಲ್ಲಿ ಮತ್ತು ಭೌತಶಾಸ್ತ್ರದಲ್ಲಿ ಬಿ.

2024ರ ವಸಂತದಲ್ಲಿ ಕಾಲೇಜು ಕೋಚ್‌ಗಳು ಶಾಲೆಗಳನ್ನು ಸುತ್ತುವ ಕಾಲ ಬಂತು. ಅವರು ಬರುವುದು ವೀಡಿಯೊ ನೋಡಿಯೇ, ಆದರೆ ಶಾಲೆಯ ಕಚೇರಿಯಲ್ಲಿ ಮೊದಲು ಕೇಳುವುದು ಎಲ್ಲ ವರ್ಷಗಳ ಶ್ರೇಣಿಗಳಿರುವ ಟ್ರಾನ್ಸ್‌ಕ್ರಿಪ್ಟ್. ಪ್ರೌಢಶಾಲೆಗಳಲ್ಲಿ ಈ ಆಟ ಆಡುವವರು ಸುಮಾರು 10 ಲಕ್ಷ, ಅವರಲ್ಲಿ ಎನ್‌ಸಿಎಎ ಕಾಲೇಜುಗಳಲ್ಲಿ ಮುಂದುವರಿಯುವವರು ನೂರಕ್ಕೆ ಏಳರ ಆಸುಪಾಸು. ಆಯ್ಕೆ ಮಾಡುವವರಿಗೆ ಬೇಡವೆನ್ನಲು ಕಾರಣ ಬೇಕಿರುತ್ತದೆ, ಟ್ರಾನ್ಸ್‌ಕ್ರಿಪ್ಟ್ ಅದನ್ನು ಎರಡೇ ನಿಮಿಷದಲ್ಲಿ ಒದಗಿಸುತ್ತದೆ. ಪಕ್ಕದ ರಾಜ್ಯದ ಕಾಲೇಜೊಂದರಿಂದ ಬಂದ ಸಹಾಯಕ ಕೋಚ್ ನನ್ನ ಬಳಿ ಅಂಕಗಳ ಮಾತನ್ನೇ ಎತ್ತಲಿಲ್ಲ. ಇವನು ತರಗತಿಗೆ ಎಷ್ಟು ಗಂಟೆಗೆ ಬರುತ್ತಾನೆ, ಎಲ್ಲಿ ಕೂರುತ್ತಾನೆ, ತಿದ್ದಿದರೆ ಹೇಗೆ ತೆಗೆದುಕೊಳ್ಳುತ್ತಾನೆ, ಒಂಬತ್ತನೆಯ ತರಗತಿಯ ಈ ಎರಡು ನಪಾಸುಗಳಿಗೂ ಹನ್ನೊಂದನೆಯ ತರಗತಿಯ ಈ ಬಿಗಳಿಗೂ ನಡುವೆ ಏನಾಯಿತು ಎಂದು ಕೇಳಿದರು. ಬೇಸಿಗೆ ಶಾಲೆಯ ಸಂಗತಿ ಹೇಳಿದೆ. ಅವರು ಅದನ್ನು ಪುಸ್ತಕದಲ್ಲಿ ಬರೆದುಕೊಂಡರು. ಹೊರಟಾಗ ಊಟದ ಕೋಣೆಯ ಹೆಂಗಸರ ಬಳಿಯೂ ನಿಂತು ವಿಚಾರಿಸಿದರೆಂದು ಆಮೇಲೆ ತಿಳಿಯಿತು.

ಹನ್ನೆರಡನೆಯ ತರಗತಿಯ ಶರತ್ಕಾಲ ಗೊಂದಲದ್ದಾಗಿತ್ತು, ಅದಕ್ಕೆ ಈ ಹುಡುಗ ಕಾರಣನಲ್ಲ. ಹುಡುಗನು ಇಂಥ ಕಾಲೇಜಿಗೇ ಬರುತ್ತೇನೆಂದು ಸಹಿ ಹಾಕುವ, 1964ರಿಂದ ನಡೆದುಬಂದಿದ್ದ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ ಪದ್ಧತಿಯನ್ನು 2024ರ ಅಕ್ಟೋಬರ್‌ನಲ್ಲಿ ರದ್ದು ಮಾಡಿ ಅದರ ಬದಲು ನೇರ ಆರ್ಥಿಕ ನೆರವಿನ ಒಪ್ಪಂದಕ್ಕೆ ಸಹಿ ಹಾಕಿಸತೊಡಗಿದರು. ಕಾಲೇಜು ಆಟಗಾರರಿಗೆ ಹಣ ಸಲ್ಲಬೇಕೆಂದು ನ್ಯಾಯಾಲಯದಲ್ಲಿದ್ದ ಹೌಸ್ ಪ್ರಕರಣದ ರಾಜಿಯಿಂದ ತಂಡಗಳ ಗಾತ್ರಕ್ಕೆ 105ರ ಮಿತಿ ಬರಲಿದೆ ಎಂಬ ಸುದ್ದಿಯಿಂದ ದೊಡ್ಡ ಕಾಲೇಜುಗಳ ಕೋಚ್‌ಗಳು ಕೈ ಬಿಗಿಹಿಡಿದರು, ಬೇರೆ ಕಾಲೇಜುಗಳಿಂದ ವರ್ಗಾವಣೆಯಾಗಿ ಬರುವ ಪಳಗಿದ ಆಟಗಾರರಿಗೇ ಹೆಚ್ಚು ಬೇಡಿಕೆಯಿತ್ತು. ಕೊನೆಗೆ ಡಿಸೆಂಬರ್‌ನಲ್ಲಿ ಅವನಿಗೆ ಒಪ್ಪಂದ ಕಳಿಸಿದ್ದು ಆ ಪಕ್ಕದ ರಾಜ್ಯದ ಕಾಲೇಜೇ. ಡಿವಿಷನ್ 1ರ ಎರಡನೆಯ ಸ್ತರದ ತಂಡ, ಪೂರ್ಣವಲ್ಲದ ವಿದ್ಯಾರ್ಥಿವೇತನ. ಓದಿನ ತರಗತಿಯಲ್ಲಿ ಅವನ ಜೊತೆಗಿದ್ದ, ಆಟದಲ್ಲಿ ಅವನಿಗಿಂತ ಮೇಲೆಂದು ಎಲ್ಲರೂ ಹೇಳುತ್ತಿದ್ದ ಇನ್ನೊಬ್ಬ ಹುಡುಗ ಹನ್ನೆರಡನೆಯ ತರಗತಿಯ ನಂತರದ ಎರಡು ವರ್ಷದ ಜೂನಿಯರ್ ಕಾಲೇಜಿಗೆ ಹೋದ; ಅವನು ಅಲ್ಲಿ ಪದವಿ ಮುಗಿಸಿಕೊಂಡೇ ಡಿವಿಷನ್ 1ಕ್ಕೆ ಬರಬೇಕು.

ಸಹಿ ಹಾಕಿದರೆ ಮುಗಿಯಿತೆಂದು ಊರೆಲ್ಲ ತಿಳಿದಿತ್ತು. ಫುಟ್‌ಬಾಲ್ ಮುಗಿದ ಮೇಲಿನ ಆ ಜನವರಿಯಿಂದ ಮೇ ತಿಂಗಳವರೆಗಿನ ಕಾಲವೇ ಅತ್ಯಂತ ಅಪಾಯದ್ದು ಎಂಬುದು ನನ್ನ ಅನುಭವ, ಏಕೆಂದರೆ ಆಗ ನೋ ಪಾಸ್, ನೋ ಪ್ಲೇ ಎಂಬ ಅಂಕುಶವೂ ಇರುವುದಿಲ್ಲ. ಅವನಿಗೆ ಇಂಗ್ಲಿಷ್, ಸಂಖ್ಯಾಶಾಸ್ತ್ರ, ಪರಿಸರ ವಿಜ್ಞಾನ, ಸಮಾಜ ವಿಜ್ಞಾನ, ಸ್ಪ್ಯಾನಿಷ್ ಎಲ್ಲವೂ ಮುಗಿಯಬೇಕಿತ್ತು. ಎಲ್ಲವೂ ಮುಗಿದರೆ ಹದಿನಾರೂವರೆ, ಒಂದು ಇಡೀ ಕೋರ್ಸ್ ತಪ್ಪಿದರೆ ಹದಿನೈದೂವರೆ. ವೇಟ್ ರೂಮಿಗೆ ಹೋಗುವುದನ್ನು ಅವನು ನಿಲ್ಲಿಸಲಿಲ್ಲ, ಓದಿನ ತರಗತಿಗೆ ಬರುವುದನ್ನೂ ನಿಲ್ಲಿಸಲಿಲ್ಲ. ಮಾರ್ಚ್‌ನಲ್ಲಿ ಕೆಲವು ದಿನ ಸ್ಪ್ಯಾನಿಷ್ ವಿಷಯದಲ್ಲಿ ನಮ್ಮಿಬ್ಬರಿಗೂ ಜಗಳವಾಯಿತು, ಅಷ್ಟೇ.

ಜೂನ್ ತಿಂಗಳಲ್ಲಿ ಶಾಲೆಯಿಂದ ಕೊನೆಯ ಟ್ರಾನ್ಸ್‌ಕ್ರಿಪ್ಟ್ ಹಾಗೂ ತೇರ್ಗಡೆಯ ದಾಖಲೆ ಎನ್‌ಸಿಎಎ ಅರ್ಹತಾ ಕೇಂದ್ರಕ್ಕೆ ಹೋಯಿತು. ಅವನು ಹವ್ಯಾಸಿ ಆಟಗಾರನೇ ಹೌದೆಂಬ ಪ್ರಶ್ನಾವಳಿಯನ್ನು ಅವನು ವಸಂತದಲ್ಲೇ ತುಂಬಿದ್ದ. ಹದಿನಾರು ಕೋರ್ಸ್‌ಗಳು, 39 ಅಂಶಗಳು, ಸರಾಸರಿ 2.4ಕ್ಕೆ ಸ್ವಲ್ಪ ಮೇಲೆ. ಅರ್ಹನೆಂಬ ಅಂತಿಮ ತೀರ್ಮಾನ ಬಂದ ದಿನ ತಾಯಿ ಗೋದಾಮಿನ ಬಿಡುವಿನಲ್ಲಿ ನನಗೆ ಫೋನ್ ಮಾಡಿ, 2.4 ಎಂದರೆ ಹೆಚ್ಚೋ ಕಡಿಮೆಯೋ ಎಂದು ಕೇಳಿದರು. ನಮ್ಮ ಕನ್ನಡ ಬಳಗದಲ್ಲಿ ಮಕ್ಕಳ 4.0ರ ಬಗ್ಗೆ ಮಾತಾಡಿ ರೂಢಿಯಾಗಿರುವ ನಾನು, ಬೇಕಾದದ್ದಕ್ಕಿಂತ ಹೆಚ್ಚೇ ಇದೆ ಎಂದೆ.

ಕಾಲೇಜಿನಲ್ಲಿ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಎರಡನೆಯ ವರ್ಷದ ಕೊನೆಗೆ ಪದವಿಯ ನೂರಕ್ಕೆ 40 ಭಾಗ, ಮೂರನೆಯ ವರ್ಷದ ಕೊನೆಗೆ 60, ನಾಲ್ಕನೆಯ ವರ್ಷದ ಕೊನೆಗೆ 80 ಮುಗಿದಿರಬೇಕು. ಫುಟ್‌ಬಾಲ್ ಆಡುವವರು ಶರತ್ಕಾಲದ ಅವಧಿಯೊಂದರಲ್ಲೇ 9 ಕ್ರೆಡಿಟ್ ಗಳಿಸದಿದ್ದರೆ ಮುಂದಿನ ವರ್ಷದ ಮೊದಲ ಪಂದ್ಯಗಳನ್ನು ಕಳೆದುಕೊಳ್ಳಬಹುದು. 2025ರ ಅಕ್ಟೋಬರ್‌ನಲ್ಲಿ ಅವನಿಂದ ಸಂದೇಶ ಬಂತು. ಸಂಖ್ಯಾಶಾಸ್ತ್ರದ ಕೋರ್ಸು ಕಷ್ಟವಾಗುತ್ತಿದೆ, ಅದನ್ನು ಬಿಟ್ಟುಬಿಡಲು ಶುಕ್ರವಾರದವರೆಗೆ ಸಮಯವಿದೆ, ಏನು ಮಾಡಲಿ ಮಿಸ್ ಎಂದಿದ್ದ. ಬಿಟ್ಟರೆ ಎಷ್ಟು ಕ್ರೆಡಿಟ್ ಉಳಿಯುತ್ತದೆ ಎಂದು ಕೇಳಿದೆ. ಲೆಕ್ಕ ಹಾಕಿ ಹೇಳುತ್ತೇನೆಂದವನು ಸ್ವಲ್ಪ ಹೊತ್ತಿನ ಮೇಲೆ, ಬಿಟ್ಟು ಉಳಿದವುಗಳಲ್ಲೂ ಎಡವಿದರೆ ಒಂಬತ್ತಕ್ಕಿಂತ ಕೆಳಗೆ ಇಳಿಯುತ್ತದೆ, ಅದಕ್ಕೇ ಬಿಡುವುದಿಲ್ಲ ಎಂದು ಬರೆದ. ಡಿಸೆಂಬರ್‌ನಲ್ಲಿ ಆ ಕೋರ್ಸಿನಲ್ಲಿ ಅವನಿಗೆ ಸಿ ಬಂತು.